ಹಳೇ ಫೋರ್ ಬೈ ಫೋರ್‌ನ ಆ್ಯಕ್ಟಿವ್ ಸ್ಟೆಬಿಲೈಸರ್: ರಿಪೇರಿ ಮಾಡ್ಸಿ, ಇಲ್ಲಾ ಪೂರ್ತಿ ಬದಲಾಯಿಸಿ, ಅರ್ಧಕ್ಕೆ ಮಾತ್ರ ಬಿಡ್ಬೇಡಿ

ಈ ವಾರ ಗಿಡದ ವಿಷಯ ಅಲ್ಲ, ಗಾಡಿ ವಿಷಯ. ಗೊಬ್ಬರ, ಕೊಳೆರೋಗದ ಬಗ್ಗೆ ಓದೋಣ ಅಂತ ಬಂದವರು ಬೇಜಾರು ಮಾಡ್ಕೋಬೇಡಿ. ತೋಟಕ್ಕೆ ಗೊಬ್ಬರ ತರೋದು, ಕೆಲಸದವರನ್ನು ಕರ್ಕೊಂಡು ಬರೋದು, ಕೊಯ್ದದ್ದನ್ನು ಮಂಡಿಗೆ ಮುಟ್ಟಿಸೋದು ಎಲ್ಲಾ ಗಾಡಿನೇ. ಅದು ತಿರುವಿನಲ್ಲಿ ಮಗುಚಿದರೆ ಯಾವ ಬೆಳೆ ವಿಮೆಯೂ ನಮ್ಮನ್ನು ಕಾಯೋದಿಲ್ಲ.

ಇತ್ತೀಚೆಗೆ ನಮ್ಮ ವಯಸ್ಸಿನ ಬಹಳಷ್ಟು ರೈತರಿಗೆ ಹಳೇ ದೊಡ್ಡ ಫೋರ್ ಬೈ ಫೋರ್ ಮೇಲೆ ಕಣ್ಣು. ಫೋನಲ್ಲಿ ವಿಡಿಯೋ ನೋಡ್ತೀವಿ. ಹೊಸದಾಗಿದ್ದಾಗ ಮುಟ್ಟೋಕೂ ಆಗದ ಗಾಡಿ, ಇಪ್ಪತ್ತು ವರ್ಷ ಆದ ಮೇಲೆ ಸಣ್ಣ ಕಾರಿನ ರೇಟಿಗೆ ಬಂದಿರುತ್ತೆ. ಎಂಜಿನ್ ಗಟ್ಟಿ, ಕೆಸರಲ್ಲಿ ಹೋಗುತ್ತೆ, ಟ್ರೇಲರ್ ಎಳೆಯುತ್ತೆ. ಆದ್ರೆ ಅದರ ಹೊಟ್ಟೆಯೊಳಗೆ ಆ ಕಾಲದ ಶ್ರೀಮಂತರಿಗಾಗಿ ಹಾಕಿದ ಕೆಲವು ಜಾಣ ವ್ಯವಸ್ಥೆಗಳಿರುತ್ತವೆ. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಆ್ಯಕ್ಟಿವ್ ಸಸ್ಪೆನ್ಷನ್ ಅದರಲ್ಲಿ ಒಂದು. ಅದು ಕೆಟ್ಟಾಗ ಎಲ್ಲರಿಗೂ ಬರೋ ಪ್ರಶ್ನೆ ಒಂದೇ: ರಿಪೇರಿ ಮಾಡ್ಸೋದಾ, ಕಿತ್ತು ಬಿಸಾಕೋದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರಿಪೇರಿನೂ ಸರಿ, ತೆಗೆಯೋದೂ ಸರಿ. ತೆಗೆದು ಆ ಜಾಗದಲ್ಲಿ ಏನೂ ಹಾಕದೆ ಓಡಿಸೋದು ಮಾತ್ರ ತಪ್ಪು. ದುಡಿಯೋ ಗಾಡಿಗೆ, ಅದೂ ಪೈಪು ತುಕ್ಕು ಹಿಡಿದ ಗಾಡಿಗೆ, ಹೆಚ್ಚಿನ ಸಲ ಸಾದಾ ಸ್ಟೆಬಿಲೈಸರ್ ಬಾರ್ ಹಾಕ್ಸೋದೇ ಜಾಣತನ ಅಂತ ನಾನು ಅಂದುಕೊಂಡಿದ್ದೀನಿ. ಯಾಕೆ ಅಂತ ಹೇಳ್ತೀನಿ.

ಸ್ಟೆಬಿಲೈಸರ್ ಬಾರ್ ಮಾಡೋ ಕೆಲಸ

ಗಾಡಿ ಕೆಳಗೆ ಬಗ್ಗಿ ನೋಡಿದರೆ ಎಡಗಡೆಯಿಂದ ಬಲಗಡೆಗೆ ಅಡ್ಡಲಾಗಿ ಒಂದು ಬಾಗಿದ ಉಕ್ಕಿನ ಸರಳು ಕಾಣುತ್ತೆ. ಗ್ಯಾರೇಜಲ್ಲಿ ಸ್ಟೆಬಿಲೈಸರ್ ಬಾರ್ ಅಂತಾರೆ, ಆಂಟಿ-ರೋಲ್ ಬಾರ್ ಅಂದ್ರೂ ಅದೇ. ಅದರ ಎರಡು ತುದಿ ಲಿಂಕ್ ರಾಡ್‌ಗಳಿಗೆ ಸೇರಿರುತ್ತವೆ, ನಡುಭಾಗ ರಬ್ಬರ್ ಬುಷ್‌ನಲ್ಲಿ ಕೂತಿರುತ್ತೆ.

ಎರಡೂ ಚಕ್ರ ಒಟ್ಟಿಗೆ ಮೇಲೆ ಹೋದರೆ ಬಾರ್ ಸುಮ್ಮನೆ ಬುಷ್‌ನೊಳಗೆ ತಿರುಗುತ್ತೆ. ತಿರುವಿನಲ್ಲಿ ಒಂದು ಬದಿ ಮಾತ್ರ ಒತ್ತಿಕೊಂಡಾಗ ಬಾರ್ ತಿರುಚಿಕೊಳ್ಳುತ್ತೆ. ತಿರುಚಿದ ಉಕ್ಕು ಮತ್ತೆ ನೆಟ್ಟಗಾಗೋಕೆ ನೋಡುತ್ತಲ್ಲ, ಆ ಬಲವೇ ಬಾಡಿಯನ್ನು ವಾಲದಂತೆ ಹಿಡಿಯೋದು.

ಇದರಲ್ಲಿ ಒಂದು ತೊಡಕಿದೆ. ರಸ್ತೆಯಲ್ಲಿ ಬಾರ್ ಬಿಗಿಯಾಗಿದ್ದಷ್ಟೂ ಒಳ್ಳೇದು. ತೋಟದ ಹಾದಿಯಲ್ಲಿ ಅದೇ ಬಿಗಿ ಅಡ್ಡಿ ಮಾಡುತ್ತೆ. ಒಂದು ಚಕ್ರ ಬಂಡೆ ಹತ್ತಿದಾಗ ಇನ್ನೊಂದು ಚಕ್ರ ಗುಂಡಿಗೆ ಇಳಿಯಬೇಕು. ಬಾರ್ ಇಳಿಯೋಕೆ ಬಿಡೋದಿಲ್ಲ. ಚಕ್ರ ಗಾಳಿಯಲ್ಲಿ ಸುತ್ತುತ್ತೆ, ಗಾಡಿ ಅಲ್ಲೇ ನಿಲ್ಲುತ್ತೆ. ರಸ್ತೆಗೆ ಬಿಗಿ ಬೇಕು, ಕಾಡಿಗೆ ಸಡಿಲ ಬೇಕು. ಈ ಎರಡನ್ನೂ ಒಂದೇ ಗಾಡಿಯಲ್ಲಿ ಕೊಡೋಕೆ ಹೊರಟಾಗ ಹುಟ್ಟಿದ್ದೇ ಆ್ಯಕ್ಟಿವ್ ವ್ಯವಸ್ಥೆ.

ಲ್ಯಾಂಡ್ ರೋವರ್‌ನ ಎಸಿಇ

ನನಗೆ ಚೆನ್ನಾಗಿ ಗೊತ್ತಿರೋ ಉದಾಹರಣೆ ಲ್ಯಾಂಡ್ ರೋವರ್ ಡಿಸ್ಕವರಿ ಸೀರೀಸ್ 2. ಇಂಗ್ಲೆಂಡಿನಲ್ಲಿ 1998ರಿಂದ 2004ರವರೆಗೆ ಬಂದ ಗಾಡಿ. ಅಂದ್ರೆ ಅದರಲ್ಲಿ ಅತಿ ಚಿಕ್ಕದಕ್ಕೂ ಈಗ ಇಪ್ಪತ್ತು ವರ್ಷ ದಾಟಿದೆ. ನಮ್ಮ ಕಡೆ ಈ ಗಾಡಿ ಕಾಣೋದು ಅಪರೂಪ. ಆದ್ರೆ ಅದರ ಕಥೆ ನಮಗೂ ಪಾಠ.

ಇದರ ಕೆಲವು ಮಾಡೆಲ್‌ಗಳಲ್ಲಿ ಆ್ಯಕ್ಟಿವ್ ಕಾರ್ನರಿಂಗ್ ಎನ್‌ಹ್ಯಾನ್ಸ್‌ಮೆಂಟ್, ಚಿಕ್ಕದಾಗಿ ಎಸಿಇ, ಅನ್ನೋ ವ್ಯವಸ್ಥೆ ಇತ್ತು. ಸಾದಾ ಬಾರ್ ಜಾಗದಲ್ಲಿ ಮುಂದೊಂದು ಹಿಂದೊಂದು ದಪ್ಪ ಬಾರ್. ಪ್ರತಿ ಬಾರ್‌ನ ಒಂದು ತುದಿಗೆ ಆಯಿಲ್ ಒತ್ತಡದಲ್ಲಿ ಹಿಗ್ಗಿ ಕುಗ್ಗುವ ಒಂದು ಆಕ್ಚುಯೇಟರ್, ಟ್ರ್ಯಾಕ್ಟರ್ ಲೋಡರ್‌ನ ಸಿಲಿಂಡರ್ ಇದೆಯಲ್ಲ, ಅದರ ತಮ್ಮ ಅಂದ್ಕೊಳ್ಳಿ. ಎಂಜಿನ್ ಬೆಲ್ಟ್‌ನಿಂದ ತಿರುಗುವ ಪಂಪ್ ಆಯಿಲನ್ನು ಒತ್ತುತ್ತೆ. ಚಾಸಿಗೆ ಹೊಂದಿಕೊಂಡಿರೋ ವಾಲ್ವ್ ಬ್ಲಾಕ್ ಅದನ್ನು ಬೇಕಾದ ಕಡೆ ಕಳಿಸುತ್ತೆ. ಗಾಡಿ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಅಳೆಯೋಕೆ ಮೇಲೊಂದು ಕೆಳಗೊಂದು ಸೆನ್ಸರ್. ಎಲ್ಲಾ ಲೆಕ್ಕ ಹಾಕೋಕೆ ಒಂದು ಇಸಿಯು.

ಗಾಡಿ ತಿರುವಿಗೆ ಹೊಕ್ಕ ಕೂಡಲೇ ಆಕ್ಚುಯೇಟರ್ ಬಾರ್ ಅನ್ನು ವಾಲುವ ದಿಕ್ಕಿಗೆ ಎದುರಾಗಿ ತಿರುಚುತ್ತೆ. ಗುರುತ್ವದ 0.4 ಪಟ್ಟಿನಷ್ಟು ಅಡ್ಡಬಲ ಬರುವ ತನಕ ಬಾಡಿ ಹೆಚ್ಚುಕಡಿಮೆ ಮಟ್ಟವಾಗೇ ಇರುತ್ತೆ. ಕಲ್ಲುಹಾದಿಯಲ್ಲಿ ನಿಧಾನಕ್ಕೆ ಹೋಗುವಾಗ ಅದೇ ವ್ಯವಸ್ಥೆ ಬಿಗಿ ಬಿಟ್ಟು ಚಕ್ರಗಳನ್ನು ಅವುಗಳ ಪಾಡಿಗೆ ಏರಿಳಿಯಲು ಬಿಡುತ್ತೆ. ಕೆಲಸ ಮಾಡುವಷ್ಟು ದಿನ ನಿಜಕ್ಕೂ ಚಂದ.

ಹೈಟೆಕ್ ಪಾಲಿಹೌಸ್ ಇಟ್ಟವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತೆ. ಸೆನ್ಸರ್, ವಾಲ್ವ್, ಪಂಪ್, ಕಂಟ್ರೋಲರ್ ನಾಲ್ಕೂ ಸರಿ ಇದ್ರೆ ಸ್ವರ್ಗ. ಒಂದು ಕೈಕೊಟ್ಟರೂ ಉಳಿದ ಮೂರು ಇದ್ದೂ ಉಪಯೋಗ ಇಲ್ಲ.

ಹೆರೆಫರ್ಡ್‌ಶೈರ್‌ನ ಸೇಬು ತೋಟದಿಂದ ಬಂದ ಪ್ರಶ್ನೆ

ನನ್ನ ಜೊತೆ ತೋಟಗಾರಿಕೆ ಓದಿದವನೊಬ್ಬ ಈಗ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಸೇಬು ತೋಟ ನೋಡ್ಕೊಳ್ತಾನೆ. ಸೈಡರ್ ಮಾಡೋ ಸೇಬಿಗೆ ಹೆಸರಾದ ಜಾಗ ಅದು. ಸೇಬಿನ ಪೆಟ್ಟಿಗೆ ತುಂಬಿದ ಟ್ರೇಲರ್ ಎಳೆಯೋಕೆ ಅವನ ಹತ್ತಿರ ಇರೋದು ಎಸಿಇ ಇರೋ ಹಳೇ ಡಿಸ್ಕವರಿ 2. ಬ್ರೇಕ್ ಇರೋ ಟ್ರೇಲರ್ ಆದ್ರೆ 3,500 ಕಿಲೋ ತನಕ ಎಳೆಯುವ ತಾಕತ್ತು ಈ ಗಾಡಿಗಿದೆ. ಆದ್ದರಿಂದಲೇ ಅಲ್ಲಿನ ರೈತರು ಇದನ್ನು ಸುಲಭಕ್ಕೆ ಬಿಡೋದಿಲ್ಲ.

ಒಂದಿನ ವಾಟ್ಸಾಪ್‌ನಲ್ಲಿ ಎರಡು ಫೋಟೋ ಬಂತು. ಒಂದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಎಸಿಇ ದೀಪ. ಇನ್ನೊಂದರಲ್ಲಿ ಗಾಡಿ ಹೊಟ್ಟೆಯ ಕೆಳಗೆ ತುಕ್ಕು ಹಿಡಿದು ಆಯಿಲ್ ಜಿನುಗುತ್ತಿರೋ ಉಕ್ಕಿನ ಪೈಪು. "ಊರಿನ ಗ್ಯಾರೇಜ್‌ನವನು ಪೈಪ್ ಕಟ್ ಮಾಡಿ, ತುದಿ ಮುಚ್ಚಿ, ಬಲ್ಬ್ ತೆಗೆದುಬಿಡೋಣ ಅಂತಾನೆ. ಖರ್ಚೇ ಇಲ್ವಂತೆ. ಏನ್ ಹೇಳ್ತೀಯ?"

ಅಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲಿನ ಮಂಜುಗಡ್ಡೆ ಕರಗೋಕೆ ಉಪ್ಪು ಹಾಕ್ತಾರೆ. ಆ ಉಪ್ಪುನೀರು ಚಾಸಿ ಪಕ್ಕದ ಪೈಪುಗಳನ್ನು ತಿಂದು ಹಾಕುತ್ತೆ. ನಮ್ಮ ಕರಾವಳಿಯ ಗಾಳಿ, ಮಲೆನಾಡಿನ ಮಳೆ, ತಿಂಗಳುಗಟ್ಟಲೆ ಅಂಟಿಕೊಂಡ ಕೆಸರು ಮಾಡೋದೂ ಇದೇ ಕೆಲಸ.

ನಾನು ಅವನಿಗೆ ಹೇಳಿದ್ದು: "ಡ್ರಿಪ್ ಫಿಲ್ಟರ್ ಕಟ್ಟಿಕೊಳ್ತು ಅಂತ ಫಿಲ್ಟರ್ ಕಿತ್ತು ನೇರ ಪೈಪ್ ಜೋಡಿಸ್ತೀಯೇನೋ? ಅವತ್ತು ನೀರು ಚೆನ್ನಾಗೇ ಬರುತ್ತೆ. ತಿಂಗಳಾದ ಮೇಲೆ ಡ್ರಿಪ್ಪರ್‌ಗಳು ಒಂದೊಂದೇ ಮುಚ್ಚಿಕೊಳ್ತವೆ. ಇದೂ ಹಾಗೇ ಕಣೋ."

ಕತ್ತರಿಸಿ ಬಿಟ್ಟರೆ ಏನಾಗುತ್ತೆ

ಪೈಪ್ ಕತ್ತರಿಸಿ ಆಯಿಲ್ ಖಾಲಿ ಆದ್ರೆ ಆಕ್ಚುಯೇಟರ್ ಸಡಿಲ ಆಗುತ್ತೆ. ಬಾರ್ ಕಣ್ಣಿಗೆ ಕಾಣುತ್ತೆ, ಆದ್ರೆ ಒಂದು ತುದಿಗೆ ಹಿಡಿತವೇ ಇಲ್ಲ. ಈಗ ಎರಡು ಟನ್ನಿನ ಎತ್ತರದ ಗಾಡಿ ಬರೀ ಸ್ಪ್ರಿಂಗ್ ಮೇಲೆ ನಿಂತಿದೆ. ನೇರ ರಸ್ತೆಯಲ್ಲಿ ಏನೂ ಗೊತ್ತಾಗಲ್ಲ. ಗ್ಯಾರೇಜ್‌ನಿಂದ ಮನೆ ತನಕ ಓಡಿಸಿ "ಏನೂ ಫರಕ್ ಇಲ್ಲ" ಅಂತೀವಿ. ಎದುರಿಗೆ ದನ ಬಂದು ಸ್ಟೀರಿಂಗ್ ಥಟ್ಟನೆ ಒಂದು ಕಡೆ ತಿರುಗಿಸಿ ಮತ್ತೆ ಈ ಕಡೆ ತಿರುಗಿಸಿದಾಗ ಫರಕ್ ಗೊತ್ತಾಗುತ್ತೆ. ಬಾಡಿ ಒಂದು ಬದಿಗೆ ವಾಲಿ, ಆ ವೇಗದಲ್ಲೇ ಇನ್ನೊಂದು ಬದಿಗೆ ಬೀಳುತ್ತೆ. ಮೇಲೆ ಕ್ಯಾರಿಯರ್‌ನಲ್ಲಿ ಮೂಟೆ, ಹಿಂದೆ ನಾಲ್ಕು ಜನ ಕೆಲಸದವರು ಇದ್ರೆ ಇನ್ನೇನು ಹೇಳಬೇಕಾಗಿಲ್ಲ.

ಇನ್ನೊಂದು ಅಪಾಯ, ಮುಂದಿನದ್ದು ಮಾತ್ರ ಮುಚ್ಚಿ ಹಿಂದಿನದ್ದನ್ನು ಹಾಗೇ ಇಡೋದು. ಮುಂದಿನ ಹಿಡಿತ ಹೋಗಿ ಹಿಂದಿನದ್ದು ಉಳಿದರೆ ತಿರುವಿನಲ್ಲಿ ಗಾಡಿ ಹಿಂಭಾಗ ಹೊರಗೆ ಜಾರೋಕೆ ನೋಡುತ್ತೆ. ಒದ್ದೆ ರಸ್ತೆಯಲ್ಲಿ ಅದನ್ನು ಹಿಡಿಯೋದು ನಮ್ಮಂಥ ಸಾಮಾನ್ಯ ಡ್ರೈವರ್‌ಗಳ ಕೈಲಿ ಆಗೋ ಮಾತಲ್ಲ. ತೆಗೆದರೆ ಎರಡೂ, ಹಾಕಿದರೆ ಎರಡೂ.

ಮೂರನೇದು ಪಂಪ್. ಆಯಿಲ್ ಇಲ್ಲದ ಪಂಪನ್ನು ಬೆಲ್ಟ್‌ನಲ್ಲೇ ಬಿಟ್ಟರೆ ಅದು ಒಣಗಿ ತಿರುಗುತ್ತೆ. ಬೋರ್‌ವೆಲ್ ಮೋಟರ್ ಡ್ರೈ ರನ್ ಆದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪಂಪ್ ಸಿಕ್ಕಿಹಾಕಿಕೊಂಡ್ರೆ ಬೆಲ್ಟ್ ಹರಿಯುತ್ತೆ. ಅದೇ ಬೆಲ್ಟ್ ಮೇಲೆ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಎಲ್ಲಾ ನಿಂತಿರುತ್ತೆ. ಇಳಿಜಾರಿನ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಿನಂತಾದ್ರೆ "ಖರ್ಚೇ ಇಲ್ಲದ" ರಿಪೇರಿಯ ಬೆಲೆ ಗೊತ್ತಾಗುತ್ತೆ.

ಬಲ್ಬ್ ತೆಗೆಯೋದಂತೂ ಜ್ವರ ಬಂದಿದೆ ಅಂತ ಥರ್ಮಾಮೀಟರ್ ಒಡೆದ ಹಾಗೆ. ನಿಮಗೆ ಗೊತ್ತಿರುತ್ತೆ. ನಾಳೆ ಆ ಗಾಡಿ ಓಡಿಸೋ ತಮ್ಮನಿಗೆ, ಡ್ರೈವರ್‌ಗೆ, ಕೊಂಡುಕೊಳ್ಳೋನಿಗೆ ಗೊತ್ತಿರಲ್ಲ.

ಮೊದಲು ರೋಗ ಪತ್ತೆ, ಆಮೇಲೆ ಔಷಧಿ

ಎಲೆ ಹಳದಿ ಆಯ್ತು ಅಂದ ಕೂಡಲೇ ಯೂರಿಯಾ ಹಾಕಬಾರದು ಅಂತ ನಾವು ಓದ್ತೀವಿ. ಬೇರು ಕೊಳೆತಿರಬಹುದು, ನೀರು ಹೆಚ್ಚಾಗಿರಬಹುದು, ಮೆಗ್ನೀಸಿಯಂ ಕಮ್ಮಿ ಇರಬಹುದು. ದೀಪ ಬಂದಾಗಲೂ ಅಷ್ಟೇ.

ಎಸಿಇ ದೀಪಕ್ಕೆ ಎರಡು ಬಣ್ಣ. ಹಳದಿ ಬಂದ್ರೆ ಎಲ್ಲೋ ದೋಷ ಇದೆ, ಗಾಡಿಯನ್ನು ನಿಧಾನಕ್ಕೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಕೆಂಪು ಮಿನುಗಿ ಸದ್ದು ಬಂದ್ರೆ ಬದಿಗೆ ಹಾಕಿ ಎಂಜಿನ್ ಆಫ್ ಮಾಡಬೇಕು.

ಆಮೇಲೆ ನೋಡಬೇಕಾದದ್ದು, ಸುಲಭದಿಂದ ಕಷ್ಟದ ಕಡೆಗೆ:

1. ಆಯಿಲ್ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ? ಕಮ್ಮಿ ಇದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಟಾಪ್ ಅಪ್ ಮಾಡಿ ಮರೆಯೋ ವಿಷಯ ಅಲ್ಲ.

2. ಬೆಲ್ಟ್ ಸಡಿಲ ಆಗಿದೆಯಾ, ಬಿರುಕು ಬಿಟ್ಟಿದೆಯಾ?

3. ಸೆನ್ಸರ್‌ನ ವೈರು, ಕನೆಕ್ಟರ್‌ಗೆ ಹಸಿರು ಕಿಲುಬು ಹಿಡಿದಿದೆಯಾ? ಕೆಸರು ನೀರಲ್ಲಿ ಓಡಾಡೋ ಗಾಡಿಯಲ್ಲಿ ಇದು ಸಾಮಾನ್ಯ. ಬಿಚ್ಚಿ, ಒಣಗಿಸಿ, ಸ್ವಚ್ಛ ಮಾಡಿದ್ರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ.

4. ಪೈಪುಗಳು ಎಲ್ಲೆಲ್ಲಿ ತುಕ್ಕು ಹಿಡಿದಿವೆ? ಬರೀ ಸೋರುವ ಜಾಗ ನೋಡಿದರೆ ಸಾಲದು, ಮುಂದಿನಿಂದ ಹಿಂದಿನ ತನಕ ಕೆಸರು ತೊಳೆದು ನೋಡಬೇಕು.

5. ಆಕ್ಚುಯೇಟರ್‌ನ ಸೀಲ್‌ಗಳು, ವಾಲ್ವ್ ಬ್ಲಾಕ್.

ಇಲ್ಲಿ ಒಂದು ಎಚ್ಚರಿಕೆ. ಅಡಿಕೆಗೆ ಬೋರ್ಡೋ ಹೊಡೆಯೋ ಪವರ್ ಸ್ಪ್ರೇಯರ್ ಪೈಪ್ ಒಡೆದಾಗ ಹೇಗೆ ಚಾಟಿ ಥರ ಬಡಿಯುತ್ತೆ ಅಂತ ನೋಡಿದ್ದೀರಿ. ಎಸಿಇ ಒಳಗಿನ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚು, ನೂರು ಬಾರ್ ದಾಟುತ್ತೆ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸಣ್ಣ ಚುಕ್ಕೆ ಕಾಣುತ್ತೆ, ಒಳಗೆ ಮಾಂಸ ಸಾಯ್ತಾ ಹೋಗುತ್ತೆ, ಬೆರಳೇ ಕಳ್ಕೋಬೇಕಾಗಬಹುದು. ಎಂಜಿನ್ ಆನ್ ಇರುವಾಗ ಸೋರಿಕೆ ಹುಡುಕೋಕೆ ಕೈ ಹಾಕಲೇಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಚರ್ಮಕ್ಕೆ ತೂರಿದ್ರೆ ನೋವಿಲ್ಲ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಟ್ರ್ಯಾಕ್ಟರ್ ಹೈಡ್ರಾಲಿಕ್‌ಗೂ, ಜೆಸಿಬಿಗೂ ಇದೇ ಮಾತು.

ಇನ್ನೊಂದು ಫೋನಿನ ವಿಷಯ. ಆನ್‌ಲೈನ್‌ನಲ್ಲಿ ಕಮ್ಮಿ ಬೆಲೆಗೆ ಸಿಗೋ ಬ್ಲೂಟೂತ್ ಒಬಿಡಿ ಡಾಂಗಲ್ ಚುಚ್ಚಿ, ಆ್ಯಪ್‌ನಲ್ಲಿ "ದೋಷ ಇಲ್ಲ" ಅಂತ ಬಂದ್ರೆ ಖುಷಿಪಡಬೇಡಿ. ಅವು ಸಾಮಾನ್ಯವಾಗಿ ಎಂಜಿನ್ ಇಸಿಯು ಜೊತೆ ಮಾತ್ರ ಮಾತಾಡ್ತವೆ. ಎಸಿಇ ಇಸಿಯು ಓದೋಕೆ ಆ ಗಾಡಿಗೆ ಅಂತಲೇ ಮಾಡಿದ ಟೂಲ್ ಬೇಕು. ರಿಪೇರಿ ಆದ ಮೇಲೆ ಪೈಪಿನೊಳಗಿನ ಗಾಳಿ ತೆಗೆಯೋಕೂ ಅದೇ ಟೂಲ್ ಬೇಕು. ಆ ಟೂಲ್ ಇಲ್ಲದ ಗ್ಯಾರೇಜ್ ರಿಪೇರಿ ಒಪ್ಪಿಕೊಂಡ್ರೆ ಅನುಮಾನಪಡಿ. ಆಯಿಲ್ ಕೂಡ ಕಂಪನಿ ಹೇಳಿದ್ದೇ ಹಾಕಬೇಕು. ಪವರ್ ಸ್ಟೀರಿಂಗ್‌ಗೆ ಹಾಕೋ ಯಾವುದೋ ಆಯಿಲ್ ಸುರಿದ್ರೆ ಸೀಲ್‌ಗಳು ಹಾಳಾಗ್ತವೆ.

ಯಾವಾಗ ರಿಪೇರಿ, ಯಾವಾಗ ಬದಲಾವಣೆ

ದೋಷ ಬೆಲ್ಟ್, ಸೆನ್ಸರ್, ವೈರು ಅಥವಾ ಒಂದೇ ಒಂದು ಪೈಪಿನದ್ದಾದ್ರೆ ರಿಪೇರಿ ಮಾಡ್ಸಿ. ಅಷ್ಟು ಒಳ್ಳೇ ವ್ಯವಸ್ಥೆಯನ್ನು ಸಣ್ಣ ಕಾರಣಕ್ಕೆ ಕಿತ್ತು ಹಾಕೋದು, ಒಂದು ಹೀಚು ಉದುರಿತು ಅಂತ ಮರ ಕಡಿದ ಹಾಗೆ.

ಪೈಪುಗಳೆಲ್ಲಾ ತುಕ್ಕಾಗಿ, ಆಕ್ಚುಯೇಟರೂ ಸೋರುತ್ತಿದ್ರೆ ಲೆಕ್ಕ ಬೇರೆ. ಇವತ್ತು ಮುಂದಿನ ಪೈಪ್ ಹಾಕ್ಸಿದ್ರೆ ಒತ್ತಡ ಸರಿಯಾಗಿ ಏರಿ, ನಾಳೆ ಹಿಂದಿನ ಹಳೇ ಪೈಪ್ ಒಡೆಯುತ್ತೆ. ತೂತಾದ ಹಳೇ ಪಿವಿಸಿ ಲೈನ್‌ಗೆ ಹೊಸ ಮೋಟರ್ ಕೂರಿಸಿದವರಿಗೆಲ್ಲಾ ಈ ಅನುಭವ ಇರುತ್ತೆ. ನನ್ನ ಅಳತೆ ಇದು: ಪೂರ್ತಿ ರಿಪೇರಿಯ ಖರ್ಚು ಗಾಡಿಯ ಇವತ್ತಿನ ಬೆಲೆಯ ಕಾಲು ಭಾಗ ದಾಟಿದ್ರೆ, ದುಡಿಯೋ ಗಾಡಿಗೆ ಅದು ಹೊರೆ. ಸಾದಾ ಬಾರ್‌ಗೆ ಹೋಗಿ.

ಬದಲಾವಣೆ ಅಂದ್ರೆ ಏನೇನು? ಅದೇ ಡಿಸ್ಕವರಿ 2 ಎಸಿಇ ಇಲ್ಲದೆಯೂ ಮಾರಾಟ ಆಗ್ತಿತ್ತು. ಆ ಗಾಡಿಯ ಸಾದಾ ಬಾರ್ ಮುಂದಕ್ಕೊಂದು, ಹಿಂದಕ್ಕೊಂದು. ಜೊತೆಗೆ ಹೊಸ ಬುಷ್, ಹೊಸ ಲಿಂಕ್, ಕ್ಲ್ಯಾಂಪ್. ಪಂಪ್ ತೆಗೆದು, ಅದಕ್ಕೆ ತಕ್ಕ ಚಿಕ್ಕ ಬೆಲ್ಟ್. ಹಳೇ ಪೈಪು, ವಾಲ್ವ್ ಬ್ಲಾಕ್ ಎಲ್ಲಾ ಹೊರಗೆ. ಆಯಿಲನ್ನು ಡಬ್ಬಿಯಲ್ಲಿ ಹಿಡೀಬೇಕು, ತೋಟದ ಮಣ್ಣಿಗೆ ಬಿಡಬಾರದು. ಸಾವಯವ ಬೆಳೆಗಾರನಾಗಿ ಈ ಮಾತು ಹೇಳದೇ ಬಿಟ್ಟರೆ ನನಗೇ ಸಮಾಧಾನ ಇರಲ್ಲ. ಗುಜರಿಯಿಂದ ಬಾರ್ ತಂದರೂ ಅಡ್ಡಿಯಿಲ್ಲ, ಅದು ಉಕ್ಕಿನ ಸರಳು, ಬಿರುಕು ಬಗ್ಗು ಇಲ್ಲದಿದ್ರೆ ಸಾಕು. ಆದ್ರೆ ರಬ್ಬರ್ ಬುಷ್ ಮಾತ್ರ ಹಳೇದು ಬೇಡ.

ನನ್ನ ಗೆಳೆಯ ಕೊನೆಗೆ ಮಾಡಿದ್ದೂ ಇದನ್ನೇ. ಪೈಪ್ ತೊಳೆದು ನೋಡಿದಾಗ ಹಿಂದಿನದ್ದೂ ಹೋಗಿತ್ತು. ಗುಜರಿ ಸೇರಿದ್ದ ಎಸಿಇ ಇಲ್ಲದ ಗಾಡಿಯಿಂದ ಎರಡೂ ಬಾರ್ ತಂದು ಹಾಕಿಸಿದ. ಮೊದಲಿನಷ್ಟು ಮಟ್ಟವಾಗಿ ಗಾಡಿ ತಿರುಗಲ್ಲ, ಸ್ವಲ್ಪ ವಾಲುತ್ತೆ, ಆದ್ರೆ ಎಷ್ಟು ವಾಲುತ್ತೆ ಅಂತ ಮೊದಲೇ ಗೊತ್ತಾಗುತ್ತೆ ಅಂತಾನೆ. ದುಡಿಯೋ ಗಾಡಿಗೆ ಬೇಕಾದ್ದು ಅದೇ. ಅಲ್ಲಿ ಮೂರು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಂಒಟಿ ಅನ್ನೋ ಪರೀಕ್ಷೆ ಕಡ್ಡಾಯ. ಸಸ್ಪೆನ್ಷನ್ ತುಕ್ಕು, ಸಡಿಲ, ಸೋರಿಕೆ ಎಲ್ಲಾ ನೋಡ್ತಾರೆ. ಕತ್ತರಿಸಿ ಕಟ್ಟಿದ ಗಾಡಿ ತಗೊಂಡು ಅಲ್ಲಿ ಹೋಗಿ ನಿಲ್ಲೋದು ಕಷ್ಟ.

"ನಮ್ಮಪ್ಪನ ಜೀಪಿಗೆ ಬಾರ್ ಎಲ್ಲಿತ್ತು?"

ಈ ಮಾತು ಬಂದೇ ಬರುತ್ತೆ. ನಿಜ, ಪ್ಲೇಟ್ ಸ್ಪ್ರಿಂಗ್‌ನ ಹಳೇ ಜೀಪುಗಳಿಗೆ, 1948ರಲ್ಲಿ ರೈತರಿಗಾಗಿಯೇ ಬಂದ ಮೊದಲ ಲ್ಯಾಂಡ್ ರೋವರ್‌ಗೆ ಬಾರ್ ಇರಲಿಲ್ಲ. ಆದ್ರೆ ಆ ಪ್ಲೇಟ್‌ಗಳು ಎಷ್ಟು ಬಿರುಸಾಗಿದ್ದವು ಅಂತ ಹಿಂದೆ ಕೂತವರ ಸೊಂಟ ಹೇಳುತ್ತೆ. ಆ ಬಿರುಸೇ ವಾಲದಂತೆ ಹಿಡೀತಿತ್ತು. ಗಾಡಿ ಓಡ್ತಿದ್ದದ್ದೂ ಕಮ್ಮಿ ವೇಗದಲ್ಲಿ. ಡಿಸ್ಕವರಿ 2 ಅದಕ್ಕಿಂತ ಎತ್ತರ, ಭಾರ, ವೇಗ. ಮೆತ್ತಗಿನ ಸ್ಪ್ರಿಂಗ್ ಹಾಕಿ ಮಾಡಿದ್ದೇ ಬಾರ್ ಇರುತ್ತೆ ಅನ್ನೋ ಲೆಕ್ಕದ ಮೇಲೆ. ಒಂದು ಗಾಡಿಯ ಲೆಕ್ಕ ಇನ್ನೊಂದಕ್ಕೆ ಹೊಂದಲ್ಲ.

ಒಂದು ವಿನಾಯಿತಿ ಒಪ್ತೀನಿ. ತೋಟದ ಗೇಟ್ ದಾಟದ, ಹತ್ತು ಹದಿನೈದು ಕಿಲೋಮೀಟರ್ ವೇಗ ಮೀರದ ಗಾಡಿಗೆ ಬಾರ್ ಇಲ್ಲದಿದ್ರೂ ನಡೆಯುತ್ತೆ, ಗುಂಡಿಯಲ್ಲಿ ಚಕ್ರ ಚೆನ್ನಾಗೇ ಇಳಿಯುತ್ತೆ. ಆದ್ರೆ ಗೇಟ್ ದಾಟಲ್ಲ ಅಂತ ಮಾತು ಕೊಟ್ಟ ಗಾಡಿ, ರಾತ್ರಿ ಯಾರಿಗೋ ಹುಷಾರಿಲ್ಲ ಅಂದಾಗ ಆಸ್ಪತ್ರೆ ದಾರಿ ಹಿಡಿಯುತ್ತೆ. ಅವತ್ತು ಯಾರೂ ನಿಧಾನಕ್ಕೆ ಓಡಿಸಲ್ಲ.

ಬಾರ್ ಇದ್ದ ಮಾತ್ರಕ್ಕೆ ಗಾಡಿ ಮಗುಚೋದೇ ಇಲ್ಲ ಅಂತಲೂ ಅಲ್ಲ. ವೇಗ, ಮೇಲಿನ ಲೋಡು, ಟೈರಿನ ಗಾಳಿ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಕ್ಯಾರಿಯರ್ ಮೇಲೆ ಹಾಕಿದ ಒಂದು ಮೂಟೆ, ಒಳಗೆ ನೆಲದ ಮೇಲಿಟ್ಟ ಮೂಟೆಗಿಂತ ಎಷ್ಟೋ ಅಪಾಯ.

ಟೊಯೊಟಾದ ಕೆಡಿಎಸ್‌ಎಸ್

ಹಳೇ ಲ್ಯಾಂಡ್ ಕ್ರೂಸರ್, ಪ್ರಾಡೊ ನೋಡೋವರು ಕೆಡಿಎಸ್‌ಎಸ್ ಅನ್ನೋ ಹೆಸರು ಕೇಳಿರ್ತೀರಿ. ಇದರ ಮೂಲ ಆಸ್ಟ್ರೇಲಿಯಾದ ಕೈನೆಟಿಕ್ ಅನ್ನೋ ಕಂಪನಿ. ಇಲ್ಲಿ ಪಂಪ್ ಇಲ್ಲ. ಮುಂದಿನ ಮತ್ತು ಹಿಂದಿನ ಬಾರ್‌ಗಳಿಗೆ ಒಂದೊಂದು ಸಿಲಿಂಡರ್, ಅವೆರಡಕ್ಕೂ ನಡುವೆ ಆಯಿಲ್ ಪೈಪ್. ತಿರುವಿನಲ್ಲಿ ಎರಡೂ ಬಾರ್ ಒಂದೇ ಕಡೆ ತಿರುಚೋಕೆ ನೋಡ್ತವೆ, ಆಯಿಲ್ ಹೋಗೋಕೆ ಜಾಗ ಇಲ್ಲದೆ ಸಿಲಿಂಡರ್ ಗಟ್ಟಿಯಾಗಿ ನಿಲ್ಲುತ್ತೆ. ಗುಂಡಿ ದಿಣ್ಣೆಯಲ್ಲಿ ಮುಂದೆ ಹಿಂದೆ ಎದುರುಬದುರಾಗಿ ತಿರುಚಿದಾಗ ಆಯಿಲ್ ಅತ್ತಿಂದಿತ್ತ ಹರಿದು ಬಾರ್ ಸಡಿಲ ಆಗುತ್ತೆ. ಸರಳವಾದ ಜಾಣತನ.

ಇದರಲ್ಲಿ ಕೆಡೋದೂ ಕಮ್ಮಿ. ಆದ್ರೂ ವಯಸ್ಸಾದಾಗ ಸೋರಿಕೆ ಬರುತ್ತೆ. ಗಾಡಿ ಸಮತಟ್ಟು ನೆಲದ ಮೇಲೂ ಒಂದು ಬದಿಗೆ ವಾಲಿ ನಿಂತಿದ್ರೆ, ಅದೂ ಲಿಫ್ಟ್ ಕಿಟ್ ಹಾಕ್ಸಿದ ಮೇಲೆ, ಮೊದಲು ಅನುಮಾನಪಡಬೇಕಾದ್ದು ಇದನ್ನೇ. ಎಷ್ಟೋ ಸಲ ವಾಲ್ವ್‌ನ ಸ್ಕ್ರೂ ಸಡಿಲಿಸಿ ಒತ್ತಡ ಸಮ ಮಾಡಿ ಮತ್ತೆ ಬಿಗಿ ಮಾಡಿದ್ರೆ ಸರಿ ಹೋಗುತ್ತೆ. ಇದು ತಿಳಿದ ಮೆಕ್ಯಾನಿಕ್ ಮಾಡೋ ಕೆಲಸ, ತುಕ್ಕು ಹಿಡಿದ ಸ್ಕ್ರೂ ಮುರಿದರೆ ತಲೆನೋವು. ಕೆಡಿಎಸ್‌ಎಸ್ ವಿಷಯದಲ್ಲಿ ನನ್ನ ಮತ ರಿಪೇರಿ ಕಡೆಗೇ.

ನಮ್ಮ ರಸ್ತೆ, ನಮ್ಮ ಕಾನೂನು

ನಿಮ್ಮ ಹತ್ತಿರ ಎಸಿಇ ಗಾಡಿ ಇಲ್ಲದೇ ಇರಬಹುದು. ಆದ್ರೆ ಇವತ್ತು ನೀವು ಓಡಿಸೋ ಗಾಡಿಯ ಕೆಳಗೆ ಬಗ್ಗಿ ನೋಡಿ. ಲಿಂಕ್ ರಾಡ್ ಮುರಿದು, "ಆಮೇಲೆ ಹಾಕೋಣ" ಅಂತ ಬಿಚ್ಚಿಟ್ಟ ಬಾರ್ ಗ್ಯಾರೇಜ್ ಮೂಲೆಯಲ್ಲೇ ಉಳಿದಿರೋ ಗಾಡಿಗಳು ನಮ್ಮೂರಲ್ಲೂ ಇವೆ. ಟಕ್ ಟಕ್ ಸದ್ದು ನಿಂತಿತು ಅಂತ ಖುಷಿ. ಲಿಂಕ್, ಬುಷ್ ಎರಡೂ ಸಸ್ಪೆನ್ಷನ್‌ನಲ್ಲಿ ಅಗ್ಗದ ಸಾಮಾನುಗಳ ಸಾಲಿಗೇ ಬರ್ತವೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಿ ಇಳಿಯೋ ಗಾಡಿಗೆ ಅದನ್ನು ಉಳಿಸೋದು ಯಾವ ಲೆಕ್ಕದ ಉಳಿತಾಯ?

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲದಲ್ಲಿ ಹೇಳಿದ್ದಕ್ಕೆ ಹೊಂದದ ರೀತಿಯಲ್ಲಿ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ಅದೇ ಮಾಡೆಲ್‌ಗೆ ಕಂಪನಿಯೇ ಕೊಡ್ತಿದ್ದ ಬಾರ್ ಹಾಕಿಸೋದಕ್ಕೂ, ಬಾರ್ ಕಿತ್ತು, ಸ್ಪ್ರಿಂಗ್ ಎತ್ತರಿಸಿ, ಅಗಲ ಟೈರ್ ಹಾಕಿ ಗಾಡಿಯ ರೂಪವನ್ನೇ ಬದಲಿಸೋದಕ್ಕೂ ಬಹಳ ಅಂತರ ಇದೆ. ಯಾವುದಕ್ಕೂ ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಕೇಳಿ. ಅಪಘಾತ ಆದ ಮೇಲೆ ಕ್ಲೇಮ್ ಹೊತ್ತಲ್ಲಿ ಸರ್ವೇಯರ್ ಗಾಡಿ ಕೆಳಗೆ ಬಗ್ಗಿ ನೋಡೇ ನೋಡ್ತಾರೆ.

ಹಳೇ ಗಾಡಿ ಕೊಳ್ಳೋಕೆ ಹೋದಾಗ ನಾನು ಹೇಳೋ ಕ್ರಮ ಇಷ್ಟೇ. ಇಗ್ನಿಷನ್ ಆನ್ ಮಾಡಿದಾಗ ಎಚ್ಚರಿಕೆ ದೀಪಗಳೆಲ್ಲಾ ಒಮ್ಮೆ ಹತ್ತಿ ಆರಬೇಕು. ಒಂದು ದೀಪ ಹತ್ತಲೇ ಇಲ್ಲ ಅಂದ್ರೆ ಯಾರೋ ಬಲ್ಬ್ ಕಿತ್ತಿದ್ದಾರೆ. ಗಾಡಿ ತೊಳೆಸಿ, ಲಿಫ್ಟ್ ಮೇಲೆ ಎತ್ತಿಸಿ, ಎರಡೂ ಬಾರ್, ನಾಲ್ಕೂ ಲಿಂಕ್ ಫೋಟೋ ತೆಗೀರಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಒಂದು ಬದಿಗೆ ವಾಲಿದೆಯಾ ಅಂತ. ಖಾಲಿ ರಸ್ತೆಯಲ್ಲಿ ಮೂವತ್ತರ ವೇಗದಲ್ಲಿ ಮೆಲ್ಲಗೆ ಎಡ ಬಲ ತಿರುಗಿಸಿ, ದೋಣಿ ಥರ ತೂಗಾಡಿದ್ರೆ ಬೆಲೆ ಮಾತಾಡೋಕೆ ಮುಂಚೆ ಕಾರಣ ಕೇಳಿ. ನೀವೇ ಬದಲಾಯಿಸಿದ್ರೆ ಬಿಲ್ಲು, ಫೋಟೋ ಆರ್‌ಸಿ ಜೊತೆ ಇಡಿ, ಮಾರುವಾಗ ಕೊಳ್ಳೋನಿಗೆ ಕೊಡಿ.

ನಮ್ಮ ಹಿಂದಿನ ಸೀಟಲ್ಲಿ ಕೂತು ತೋಟಕ್ಕೆ ಬರೋರು ಗಾಡಿ ಕೆಳಗೆ ಏನಿದೆ ಅಂತ ಬಗ್ಗಿ ನೋಡಲ್ಲ. ನಮ್ಮನ್ನು ನಂಬಿ ಹತ್ತುತ್ತಾರೆ, ಅಷ್ಟೇ. ಈ ಭಾನುವಾರ ಐದು ನಿಮಿಷ ಬಿಡುವು ಮಾಡ್ಕೊಂಡು, ಟಾರ್ಚ್ ಹಿಡ್ಕೊಂಡು ಕೆಳಗೆ ನೋಡಿ. ಬಾರ್ ಇದೆಯಾ, ಲಿಂಕ್ ಇದೆಯಾ, ಬುಷ್ ಇದೆಯಾ? ಇಲ್ಲದಿದ್ರೆ ಮುಂದಿನ ಲೋಡ್ ಹಾಕೋಕೆ ಮುಂಚೆ ಹಾಕ್ಸಿ.